ನಂದಿ ತಪ್ಪಲಿನ ಬಿಳಿ ವೈನ್ ದ್ರಾಕ್ಷಿ: ಮೊದಲ ವೈನರಿಯ ಅನುಭವ ಮತ್ತು ಯರಗುಪ್ಪಿ ಭಾಗದ ಎರೆ ಭೂಮಿಗೆ ಅದರ ಅನ್ವಯ

ಪೀಠಿಕೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಯರಗುಪ್ಪಿ ಹಾಗೂ ಸುತ್ತಲಿನ ಗ್ರಾಮಗಳು ಆಳವಾದ ಎರೆ ಭೂಮಿಯ ಪ್ರದೇಶಗಳು. ಮುಂಗಾರಿನಲ್ಲಿ ಹೆಸರು, ಶೇಂಗಾ, ಹತ್ತಿ, ಈರುಳ್ಳಿ ಮತ್ತು ಬ್ಯಾಡಗಿ ಮೆಣಸಿನಕಾಯಿ, ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಗೋಧಿ ಮತ್ತು ಕುಸುಬೆ ಇಲ್ಲಿನ ಮುಖ್ಯ ಬೆಳೆಗಳು. ಬೆಲೆಯ ಏರಿಳಿತ ಹಾಗೂ ಮಳೆಯ ಅನಿಶ್ಚಿತತೆಯಿಂದ ಬೇಸತ್ತ ರೈತ ಬಾಂಧವರು ತೋಟಗಾರಿಕೆ ಬೆಳೆಗಳತ್ತ ಒಲವು ತೋರುತ್ತಿರುವುದು ಸಹಜ. ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳನ್ನು ಮತ್ತು ಬೆಂಗಳೂರು ಬಳಿಯ ನಂದಿ ತಪ್ಪಲಿನ ವೈನ್ ತೋಟಗಳನ್ನು ನೋಡಿ ಬಂದವರಲ್ಲಿ "ನಮ್ಮ ಹೊಲದಲ್ಲಿಯೂ ವೈನ್ ದ್ರಾಕ್ಷಿ ಬೆಳೆಯಬಹುದೇ?" ಎಂಬ ಪ್ರಶ್ನೆ ಮೂಡುತ್ತದೆ.

ದ್ರಾಕ್ಷಿ ತೋಟವು ಒಮ್ಮೆ ನೆಟ್ಟರೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೊಲದಲ್ಲಿ ಉಳಿಯುವ, ಆರಂಭದಲ್ಲಿಯೇ ದೊಡ್ಡ ಬಂಡವಾಳ ಬೇಡುವ ಬೆಳೆ. ಆದ್ದರಿಂದ ಈ ಪ್ರಶ್ನೆಗೆ ಉತ್ಸಾಹದಿಂದಲ್ಲದೆ ವಿವೇಚನೆಯಿಂದ ಉತ್ತರ ಕಂಡುಕೊಳ್ಳಬೇಕು. ಕರ್ನಾಟಕದಲ್ಲಿ ಉತ್ತಮ ದರ್ಜೆಯ ಬಿಳಿ ವೈನ್‌ಗೆ ಹೆಸರಾದ ಮೊದಲ ಪ್ರದೇಶವಾದ ನಂದಿ ತಪ್ಪಲು ಹೇಗೆ ರೂಪುಗೊಂಡಿತು, ಅದರಲ್ಲಿ ಮೊದಲ ವೈನರಿಯ ಪಾತ್ರವೇನು, ಅಲ್ಲಿನ ಯಾವ ಅನುಕೂಲಗಳು ನಮ್ಮ ಭಾಗದಲ್ಲಿವೆ, ಯಾವುವು ಇಲ್ಲ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಂದಿ ತಪ್ಪಲಿನ ಹಿಂದಿನ ದ್ರಾಕ್ಷಿ ಬೇಸಾಯ

ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರ ಭಾಗಗಳಿಗೆ ದ್ರಾಕ್ಷಿ ಹೊಸ ಬೆಳೆಯಲ್ಲ. ಬೆಂಗಳೂರು ನೀಲಿ ಎಂಬ ತಳಿಯನ್ನು ಇಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬೆಳೆಯಲಾಗುತ್ತಿದೆ. ಕಡು ನೇರಳೆ ಬಣ್ಣದ, ದಪ್ಪ ಸಿಪ್ಪೆಯ, ಬೀಜವಿರುವ, ತೀಕ್ಷ್ಣ ಪರಿಮಳದ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಇದರ ಜೊತೆಗೆ ಅನಾಬ್-ಎ-ಶಾಹಿ ಹಾಗೂ ದಿಲ್‌ಖುಷ್ ತಳಿಗಳು ತಿನ್ನುವ ಹಣ್ಣಿಗಾಗಿ ಬೆಳೆಯಲ್ಪಡುತ್ತಿದ್ದವು.

ಬೆಂಗಳೂರು ನೀಲಿಯು ರೋಗಗಳನ್ನು ಸಾಕಷ್ಟು ತಡೆದುಕೊಳ್ಳುತ್ತದೆ, ಇಳುವರಿಯೂ ಅಧಿಕ. ಇದರಿಂದ ರಸ, ಜಾಮ್ ಹಾಗೂ ಸಿಹಿ ಕೆಂಪು ವೈನ್ ತಯಾರಾಗುತ್ತವೆ. ಆದರೆ ಇದು ಅಮೆರಿಕದ ಲ್ಯಾಬ್ರುಸ್ಕಾ ಮೂಲದ ಗುಣಗಳುಳ್ಳ ತಳಿಯಾದುದರಿಂದ ಇದರ ವಿಶಿಷ್ಟ ವಾಸನೆ ಒಣ ಬಿಳಿ ವೈನ್‌ಗೆ ಹೊಂದುವುದಿಲ್ಲ. ಅಂದರೆ, ಈ ಪ್ರದೇಶದಲ್ಲಿ ದ್ರಾಕ್ಷಿ ಬೆಳೆಯುವ ಕೈಗಳಿದ್ದವು, ಚಾಟನಿ ಬಲ್ಲ ಕೂಲಿಕಾರರಿದ್ದರು, ಚಪ್ಪರ ಹಾಕುವ ಅನುಭವವಿತ್ತು. ಆದರೆ ಉತ್ತಮ ಬಿಳಿ ವೈನ್‌ಗೆ ಬೇಕಾದ ಯುರೋಪಿನ ವಿನಿಫೆರಾ ತಳಿಗಳಾಗಲಿ, ಅವುಗಳನ್ನು ಕೊಳ್ಳುವವರಾಗಲಿ ಇರಲಿಲ್ಲ.

ಗ್ರೋವರ್ ವೈನರಿಯ ಆರಂಭ

ಮುಂಬಯಿಯ ಉದ್ಯಮಿ ಕನ್ವಲ್ ಗ್ರೋವರ್ ವ್ಯವಹಾರ ನಿಮಿತ್ತ ಫ್ರಾನ್ಸ್‌ಗೆ ಹೋಗಿಬರುತ್ತಿದ್ದರು. ಭಾರತದಲ್ಲಿಯೇ ಫ್ರೆಂಚ್ ತಳಿಗಳಿಂದ ಉತ್ತಮ ವೈನ್ ತಯಾರಿಸಬೇಕೆಂಬ ಆಸಕ್ತಿಯಿಂದ ಅವರು ಶಾಂಪೇನ್ ಪ್ರಾಂತ್ಯದ ಹೆಸರಾಂತ ತಜ್ಞ ಜಾರ್ಜ್ ವೆಸೆಲ್ ಅವರ ನೆರವು ಪಡೆದರು. 1980ರ ದಶಕದಲ್ಲಿ ದೇಶದ ವಿವಿಧ ಭಾಗಗಳ ಮಣ್ಣು ಹಾಗೂ ಹವಾಗುಣವನ್ನು ಪರಿಶೀಲಿಸಿದ ಬಳಿಕ ನಂದಿಬೆಟ್ಟದ ತಪ್ಪಲನ್ನು ಆರಿಸಿಕೊಳ್ಳಲಾಯಿತು. 1988ರಲ್ಲಿ ದೊಡ್ಡಬಳ್ಳಾಪುರ ಬಳಿ ಸುಮಾರು 40 ಎಕರೆ ಪ್ರದೇಶದಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಆರಂಭವಾಯಿತು. ವೈನರಿಯು ದೊಡ್ಡಬಳ್ಳಾಪುರ-ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸ್ಥಳದ ಆಯ್ಕೆಗೆ ವರ್ಷಗಳನ್ನು ವ್ಯಯಿಸಲಾಯಿತು. ನಂತರವಷ್ಟೇ ತಳಿಗಳ ಪರೀಕ್ಷೆ ನಡೆಯಿತು. ಹಲವು ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, ಹೊಂದಿಕೊಂಡವುಗಳನ್ನು ಮಾತ್ರ ಉಳಿಸಿಕೊಳ್ಳಲಾಯಿತು. 1990ರ ದಶಕದ ಆರಂಭದಲ್ಲಿ ಮೊದಲ ವೈನ್ ಮಾರುಕಟ್ಟೆಗೆ ಬಂದಿತು. ಅದೇ ದಶಕದ ನಡುವಿನಿಂದ ಬೋರ್ಡೊ ಪ್ರಾಂತ್ಯದ ತಜ್ಞ ಮಿಶೆಲ್ ರೊಲಾಂ ಅವರು ಸಲಹೆಗಾರರಾಗಿ ಸೇರಿಕೊಂಡರು. ಕೆಂಪು ವೈನ್‌ಗೆ ಕೆಬರ್ನೆ ಸಾವಿನ್ಯಾನ್ ಮತ್ತು ಶಿರಾಜ್ ತಳಿಗಳು ನೆಲೆಗೊಂಡವು. ಬಿಳಿ ವೈನ್‌ನಲ್ಲಿ ಆರಂಭದ ದಿನಗಳ ಕ್ಲೇರೆಟ್ ತಳಿಯ ಸ್ಥಾನವನ್ನು ಕ್ರಮೇಣ ವಿಯೋನಿಯೆ ಹಾಗೂ ಸಾವಿನ್ಯಾನ್ ಬ್ಲಾಂಕ್ ತಳಿಗಳು ತುಂಬಿದವು. 2012ರಲ್ಲಿ ಈ ಸಂಸ್ಥೆಯು ನಾಸಿಕ್ ಭಾಗದ ಝಂಪಾ ವೈನ್ ಉದ್ಯಮದೊಡನೆ ವಿಲೀನಗೊಂಡು ಗ್ರೋವರ್ ಝಂಪಾ ಎಂಬ ಹೆಸರು ಪಡೆಯಿತು.

ಒಂದು ವೈನರಿಯಿಂದ ಒಂದು ಪ್ರದೇಶ

ಒಂದು ಕಂಪನಿಯ ತೋಟವು ಒಂದು ಬೆಳೆ ಪ್ರದೇಶವಾಗಿ ಬೆಳೆಯಲು ಈ ಕೆಳಗಿನ ಕಾರಣಗಳು ನೆರವಾದವು.

1. ಪರೀಕ್ಷೆಯ ವೆಚ್ಚವನ್ನು ಮೊದಲು ಬಂದವರೇ ಭರಿಸಿದರು. ಯಾವ ತಳಿ ಈ ಮಣ್ಣಿಗೆ ಒಗ್ಗುತ್ತದೆ, ಚಾಟನಿ ಯಾವ ತಿಂಗಳಲ್ಲಿ ಆಗಬೇಕು, ಕೊಯ್ಲು ಯಾವಾಗ ಎಂಬ ತಿಳಿವಳಿಕೆಗಾಗಿ ಸುತ್ತಲಿನ ರೈತರು ತಮ್ಮ ಹೊಲವನ್ನು ಪಣಕ್ಕಿಡಬೇಕಾಗಲಿಲ್ಲ.

2. ಖರೀದಿದಾರರು ಬೆಳೆಯ ಪಕ್ಕದಲ್ಲಿಯೇ ಇದ್ದರು. ಬಿಳಿ ವೈನ್ ದ್ರಾಕ್ಷಿಯನ್ನು ಕೊಯ್ದ ಕೆಲವೇ ಗಂಟೆಗಳಲ್ಲಿ ಹಿಂಡಬೇಕು. ವೈನರಿ ಸಮೀಪದಲ್ಲಿ ಇದ್ದುದರಿಂದ ಸ್ವಂತ ತೋಟದ ಜೊತೆಗೆ ಸುತ್ತಲಿನ ಬೆಳೆಗಾರರಿಂದಲೂ ಹಣ್ಣು ಪಡೆಯಲು ಸಾಧ್ಯವಾಯಿತು.

3. ದೊಡ್ಡ ನಗರ ಹತ್ತಿರದಲ್ಲಿತ್ತು. ಬೆಂಗಳೂರಿನ ಹೋಟೆಲುಗಳು, ವಿದೇಶಿ ಪ್ರವಾಸಿಗರು ಮತ್ತು ಹೊಸ ಗ್ರಾಹಕರು ಮಾರುಕಟ್ಟೆ ಒದಗಿಸಿದರು. ನಂದಿಬೆಟ್ಟಕ್ಕೆ ಬರುವ ಪ್ರವಾಸಿಗರಿಗೆ ತೋಟ ಹಾಗೂ ವೈನರಿಗಳನ್ನು ತೋರಿಸುವ ವ್ಯವಸ್ಥೆಯು ಇನ್ನೊಂದು ಆದಾಯವಾಯಿತು.

4. ಸರಕಾರದ ನೀತಿ ನಂತರ ಜೊತೆಗೂಡಿತು. ಕರ್ನಾಟಕ ಸರಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಜಾರಿಗೆ ತಂದು, ಪ್ರತ್ಯೇಕ ಮಂಡಳಿಯನ್ನು ಸ್ಥಾಪಿಸಿತು. ನಂದಿ ಕಣಿವೆ ಮತ್ತು ಕೃಷ್ಣಾ ಕಣಿವೆಗಳನ್ನು ವೈನ್ ದ್ರಾಕ್ಷಿಯ ಪ್ರದೇಶಗಳಾಗಿ ಗುರುತಿಸಲಾಯಿತು. ನಂದಿ ತಪ್ಪಲಿನಲ್ಲಿ ಬೇರೆ ವೈನರಿಗಳೂ ಆರಂಭವಾದವು.

ಗಮನಿಸಿ: ವೈನರಿ ಬಂದದ್ದು 1988ರಲ್ಲಿ, ನೀತಿ ಬಂದದ್ದು 2007ರಲ್ಲಿ. ಇವೆರಡರ ನಡುವೆ ಸುಮಾರು ಎರಡು ದಶಕಗಳಿವೆ. ಪ್ರದೇಶದ ಹೆಸರು ಆದೇಶದಿಂದ ಹುಟ್ಟುವುದಿಲ್ಲ. ಹಣ್ಣಿನ ಗುಣಮಟ್ಟ ಮತ್ತು ನಂಬಿಕಸ್ಥ ಖರೀದಿಯಿಂದ ನಿಧಾನವಾಗಿ ಬೆಳೆಯುತ್ತದೆ.

ಇದೇ ಕ್ರಮವನ್ನು ಬೇರೆಡೆಯಲ್ಲಿಯೂ ಕಾಣಬಹುದು. ನ್ಯೂಜಿಲೆಂಡ್‌ನ ಮಾರ್ಲ್‌ಬರೊ ಪ್ರದೇಶವು ಇಂದು ಸಾವಿನ್ಯಾನ್ ಬ್ಲಾಂಕ್ ಬಿಳಿ ವೈನ್‌ಗೆ ಜಗತ್ಪ್ರಸಿದ್ಧ. ಅಲ್ಲಿ 1973ರಲ್ಲಿ ಮೊಂಟಾನಾ ಎಂಬ ಕಂಪನಿ ಕುರಿ ಮೇಯುವ ಜಮೀನನ್ನು ಕೊಂಡು ದೊಡ್ಡ ಪ್ರಮಾಣದಲ್ಲಿ ದ್ರಾಕ್ಷಿ ನೆಟ್ಟಿತು; 1975ರಲ್ಲಿ ಸಾವಿನ್ಯಾನ್ ಬ್ಲಾಂಕ್ ನೆಡಲಾಯಿತು. ನಮ್ಮ ನೆರೆಯ ನಾಸಿಕ್‌ನಲ್ಲಿ ರಾಜೀವ್ ಸಾಮಂತ್ ಅವರ ಸುಲಾ ಸಂಸ್ಥೆ 1997ರಲ್ಲಿ ಸಾವಿನ್ಯಾನ್ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ನೆಟ್ಟು, 2000ದಲ್ಲಿ ಮೊದಲ ವೈನ್ ಹೊರತಂದಿತು. ಎಲ್ಲೆಡೆಯೂ ಮೊದಲು ಸಂಸ್ಕರಣಾ ಘಟಕ, ಆಮೇಲೆ ರೈತರ ತೋಟಗಳು, ಕೊನೆಗೆ ಪ್ರದೇಶದ ಹೆಸರು.

ಬಿಳಿ ವೈನ್‌ಗೆ ತಂಪು ಏಕೆ ಬೇಕು?

ಕೆಂಪು ವೈನ್‌ನಲ್ಲಿ ಸಿಪ್ಪೆಯ ಬಣ್ಣ ಮತ್ತು ಒಗರು ಮುಖ್ಯ. ಬಿಳಿ ವೈನ್‌ನಲ್ಲಿ ಸಿಪ್ಪೆಯನ್ನು ಬೇರ್ಪಡಿಸಿ ರಸವನ್ನಷ್ಟೇ ಹುದುಗಿಸಲಾಗುತ್ತದೆ. ಆದ್ದರಿಂದ ರಸದಲ್ಲಿನ ಹುಳಿ ಮತ್ತು ಪರಿಮಳವೇ ಅದರ ಜೀವಾಳ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಎಂಬ ಎರಡು ಮುಖ್ಯ ಆಮ್ಲಗಳಿವೆ. ಟಾರ್ಟಾರಿಕ್ ಆಮ್ಲವು ಬಿಸಿಗೆ ಅಷ್ಟಾಗಿ ನಾಶವಾಗುವುದಿಲ್ಲ. ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ. ಹವೆ ಬಿಸಿಯಾದಷ್ಟೂ ಈ ಬಳಕೆ ಹೆಚ್ಚು. ರಾತ್ರಿ ತಂಪಾಗಿದ್ದರೆ ಉಸಿರಾಟ ತಗ್ಗಿ ಹುಳಿ ಉಳಿಯುತ್ತದೆ, ಪರಿಮಳವೂ ಉಳಿಯುತ್ತದೆ. ಹಗಲಿನ ಬಿಸಿಲು ಸಕ್ಕರೆ ಕೂಡಿಸುತ್ತದೆ.

ಯುರೋಪಿನ ಅಳತೆಯಲ್ಲಿ ನಂದಿ ತಪ್ಪಲು ಶೀತ ಪ್ರದೇಶವಲ್ಲ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಉಷ್ಣವಲಯದ ಎತ್ತರದ ನೆಲವಷ್ಟೆ. ಅಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುವುದೂ ಇಲ್ಲ. ಆದರೆ ಸಾಮಾನ್ಯವಾಗಿ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು 0.65 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣತೆ ಕಡಿಮೆಯಾಗುತ್ತದೆ. ಬೆಟ್ಟದ ಬುಡದ ತೋಟಗಳು 900 ಮೀಟರ್ ಆಸುಪಾಸಿನಲ್ಲಿರುವುದರಿಂದ ಬಯಲು ಸೀಮೆಗಿಂತ ಹಗಲು ಸೌಮ್ಯವಾಗಿರುತ್ತದೆ; ಚಾಟನಿಯ ಕಾಲವನ್ನು ಹೊಂದಿಸಿ, ಹಣ್ಣು ಬಲಿಯುವ ಅವಧಿ ಒಣ ಹವೆ ಮತ್ತು ತಂಪು ರಾತ್ರಿಗಳ ತಿಂಗಳುಗಳಿಗೆ ಬರುವಂತೆ ಮಾಡಲಾಗುತ್ತದೆ. ಅಂದರೆ ತಂಪನ್ನು ನಿಸರ್ಗವು ಅರ್ಧ ಕೊಟ್ಟರೆ, ಉಳಿದರ್ಧವನ್ನು ರೈತರು ಚಾಟನಿಯ ದಿನಾಂಕದಿಂದ ಪಡೆಯುತ್ತಾರೆ.

ಬೇಸಾಯ ಕ್ರಮದ ಮುಖ್ಯ ಅಂಶಗಳು

ಮಣ್ಣು: ನಂದಿ ತಪ್ಪಲಿನ ಮಣ್ಣು ಕೆಂಪು ಗೋಡು; ಕೆಲವೆಡೆ ಗರಸು ಮಿಶ್ರಿತ. ನೀರು ಸುಲಭವಾಗಿ ಬಸಿದು ಹೋಗುತ್ತದೆ. ದ್ರಾಕ್ಷಿಗೆ ರಸಸಾರ 6.5ರಿಂದ 7.5ರವರೆಗೆ ಉತ್ತಮ. ಸುಣ್ಣದ ಅಂಶ ಹಾಗೂ ಲವಣಾಂಶ ಕಡಿಮೆ ಇರಬೇಕು.

ಸಸಿ: ಫ್ರೆಂಚ್ ತಳಿಗಳನ್ನು ಸ್ವಂತ ಬೇರಿನ ಮೇಲೆ ನೆಡದೆ, ಬರ ಹಾಗೂ ಲವಣ ತಡೆಯುವ ಬೇರುಸಸಿಗಳ ಮೇಲೆ ಕಸಿ ಮಾಡುವುದು ರೂಢಿ. ಡಾಗ್‌ರಿಡ್ಜ್ ಹಾಗೂ 110ಆರ್ ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಬೇರುಸಸಿಗಳು.

ಅಂತರ ಮತ್ತು ಆಧಾರ: ಸಾಲಿನಿಂದ ಸಾಲಿಗೆ 2.5 ಮೀಟರ್, ಬಳ್ಳಿಯಿಂದ ಬಳ್ಳಿಗೆ 1.2 ಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 1,350 ಬಳ್ಳಿಗಳು ಕೂಡುತ್ತವೆ. ತಿನ್ನುವ ದ್ರಾಕ್ಷಿಗೆ ಬಳಸುವ ಚಪ್ಪರದ ಬದಲು ತಂತಿಗಳಿಗೆ ಚಿಗುರುಗಳನ್ನು ನೇರವಾಗಿ ಮೇಲಕ್ಕೆ ಕಟ್ಟುವ ಬೇಲಿ ಪದ್ಧತಿಯನ್ನು ವೈನ್ ತಳಿಗಳಲ್ಲಿ ಅನುಸರಿಸಲಾಗುತ್ತದೆ. ಇದರಿಂದ ಗೊಂಚಲಿಗೆ ಗಾಳಿ, ಬೆಳಕು ಸಮನಾಗಿ ದೊರೆತು ರೋಗ ಕಡಿಮೆಯಾಗುತ್ತದೆ.

ಚಾಟನಿ: ವರ್ಷಕ್ಕೆ ಎರಡು ಬಾರಿ ಚಾಟನಿ ಅವಶ್ಯ. ಬೇಸಿಗೆಯ ತಳ ಚಾಟನಿಯಿಂದ ಹೊಸ ಕಡ್ಡಿಗಳು ಬೆಳೆದು ಮೊಗ್ಗಿನೊಳಗೆ ಮುಂದಿನ ಗೊಂಚಲು ರೂಪುಗೊಳ್ಳುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಫಲ ಚಾಟನಿಯಿಂದ ಹೂ ಮತ್ತು ಕಾಯಿ ಬರುತ್ತವೆ. ಫಲ ಚಾಟನಿಯಿಂದ ಕೊಯ್ಲಿಗೆ ತಳಿಗೆ ಅನುಗುಣವಾಗಿ ಸುಮಾರು 110ರಿಂದ 150 ದಿನಗಳು ಬೇಕು. ಬಿಳಿ ತಳಿಗಳು ಸಾಮಾನ್ಯವಾಗಿ ಕೆಂಪು ತಳಿಗಳಿಗಿಂತ ಮೊದಲು ಕೊಯ್ಲಿಗೆ ಬರುತ್ತವೆ.

ಇಳುವರಿ: ವೈನ್ ದ್ರಾಕ್ಷಿಯಲ್ಲಿ ಅಧಿಕ ಇಳುವರಿ ಗುಣವಲ್ಲ, ದೋಷ. ಗೊಂಚಲುಗಳನ್ನು ತೆಳುಗೊಳಿಸಿ ಎಕರೆಗೆ ಸುಮಾರು 4ರಿಂದ 6 ಟನ್‌ಗೆ ಮಿತಿಗೊಳಿಸಿದರೆ ಸಕ್ಕರೆ, ಹುಳಿ ಮತ್ತು ಪರಿಮಳ ಹದವಾಗಿ ಬರುತ್ತವೆ. ಆದ್ದರಿಂದ ತೂಕಕ್ಕಷ್ಟೇ ಬೆಲೆ ಕೊಡುವ ಒಪ್ಪಂದವು ರೈತನಿಗೂ ವೈನರಿಗೂ ಹೊಂದುವುದಿಲ್ಲ.

ರೋಗ ನಿರ್ವಹಣೆ: ವಿನಿಫೆರಾ ತಳಿಗಳಿಗೆ ಬೆಂಗಳೂರು ನೀಲಿಯಷ್ಟು ರೋಗ ನಿರೋಧಕ ಶಕ್ತಿಯಿಲ್ಲ. ಮಳೆ, ಮಂಜು ಮತ್ತು ಮೋಡದ ದಿನಗಳಲ್ಲಿ ಬೂಜು ತುಪ್ಪಟ ರೋಗವು ಎಲೆ ಹಾಗೂ ಹೂಗೊಂಚಲನ್ನು ನಾಶಮಾಡುತ್ತದೆ. ಒಣ ಹವೆ ಮತ್ತು ನೆರಳಿನಲ್ಲಿ ಬೂದಿ ರೋಗ ಬರುತ್ತದೆ. ಚಾಟನಿಯಾದ ಕೂಡಲೇ ಶೇ. 1ರ ಬೋರ್ಡೊ ದ್ರಾವಣವನ್ನು ಕಾಂಡಗಳಿಗೆ ಲೇಪಿಸುವಂತೆ ಸಿಂಪಡಿಸುವುದು, ಕತ್ತರಿಸಿದ ಕಡ್ಡಿಗಳನ್ನು ತೋಟದಿಂದ ಹೊರಹಾಕಿ ನಾಶಪಡಿಸುವುದು ಮೊದಲ ರಕ್ಷಣೆ. ಕೊಯ್ಲಿನ ಸಮೀಪ ಗಂಧಕ ಅಥವಾ ತಾಮ್ರಯುಕ್ತ ಔಷಧಿಗಳನ್ನು ಬಳಸಿದರೆ ಹುದುಗುವಿಕೆಗೆ ಅಡ್ಡಿಯಾಗಿ ವೈನರಿಯು ಹಣ್ಣನ್ನು ತಿರಸ್ಕರಿಸುವ ಸಂಭವವಿದೆ.

ಕೊಯ್ಲು ಮತ್ತು ಸಂಸ್ಕರಣೆ

ಬಿಳಿ ವೈನ್ ದ್ರಾಕ್ಷಿಯನ್ನು ಸಾಮಾನ್ಯವಾಗಿ 20ರಿಂದ 22 ಬ್ರಿಕ್ಸ್ ಸಕ್ಕರೆ ಅಂಶವಿರುವಾಗ ಕೊಯ್ಯಲಾಗುತ್ತದೆ. ಆಗ ರಸಸಾರ 3.1ರಿಂದ 3.4ರ ನಡುವೆ ಇರುವುದು ಅಪೇಕ್ಷಣೀಯ. ಬ್ರಿಕ್ಸ್ ಅಂಕಿಯನ್ನು 0.55ರಿಂದ ಗುಣಿಸಿದರೆ ಸಿದ್ಧ ವೈನ್‌ನ ಮದ್ಯಸಾರದ ಅಂದಾಜು ದೊರೆಯುತ್ತದೆ. 22 ಬ್ರಿಕ್ಸ್ ಇರುವ ರಸದಿಂದ ಸುಮಾರು ಶೇ. 12 ಮದ್ಯಸಾರದ ವೈನ್ ಬರುತ್ತದೆ. ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮಾಪಕವು ವೈನ್ ದ್ರಾಕ್ಷಿ ಬೆಳೆಯುವವರಿಗೆ ತಕ್ಕಡಿಯಷ್ಟೇ ಅವಶ್ಯಕ.

ಕೊಯ್ಲನ್ನು ನಸುಕಿನಲ್ಲಿ ಆರಂಭಿಸಿ ಬಿಸಿಲೇರುವ ಮುನ್ನ ಮುಗಿಸಬೇಕು. ಹಣ್ಣು ಜಜ್ಜಿ ಹೋಗದಂತೆ ಆಳವಿಲ್ಲದ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಬೇಕು. ವೈನರಿಯಲ್ಲಿ ತೊಟ್ಟು ಬೇರ್ಪಡಿಸಿ, ಮೃದುವಾಗಿ ಹಿಂಡಿ, ರಸವನ್ನು ತಂಪಿನಲ್ಲಿ ತಿಳಿಯಾಗಲು ಬಿಟ್ಟು, ತಂಪುಗೊಳಿಸುವ ಹೊದಿಕೆಯುಳ್ಳ ಉಕ್ಕಿನ ತೊಟ್ಟಿಗಳಲ್ಲಿ ಸುಮಾರು 12ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿಸಲಾಗುತ್ತದೆ. ಒಂದು ಟನ್ ಹಣ್ಣಿನಿಂದ ಸರಾಸರಿ 600ರಿಂದ 700 ಲೀಟರ್ ವೈನ್ ದೊರೆಯುತ್ತದೆ. ಎಕರೆಗೆ 5 ಟನ್ ಬಂದರೆ ಸುಮಾರು 3,250 ಲೀಟರ್, ಅಂದರೆ 750 ಮಿ.ಲೀ. ಅಳತೆಯ 4,300 ಬಾಟಲಿಗಳು. ಶೀತಲೀಕರಣ, ನಿರಂತರ ವಿದ್ಯುತ್, ಶುದ್ಧ ನೀರು ಮತ್ತು ಅಬಕಾರಿ ಇಲಾಖೆಯ ಪರವಾನಗಿ ಇಲ್ಲದೆ ಈ ಕೆಲಸ ಸಾಧ್ಯವಿಲ್ಲ. ಆದ್ದರಿಂದ ಒಬ್ಬ ಸಣ್ಣ ರೈತನು ತಾನೇ ವೈನ್ ತಯಾರಿಸಿ ಮಾರುತ್ತೇನೆಂಬ ಲೆಕ್ಕದಲ್ಲಿ ತೋಟ ಹಾಕುವುದು ಸೂಕ್ತವಲ್ಲ.

ಯರಗುಪ್ಪಿ ಭಾಗಕ್ಕೆ ಹೋಲಿಕೆ

ಹವಾಗುಣ: ಕುಂದಗೋಳ ತಾಲೂಕು ಉತ್ತರ ಪರಿವರ್ತನಾ ವಲಯಕ್ಕೆ ಸೇರಿದ್ದು, ಸುಮಾರು 600ರಿಂದ 650 ಮೀಟರ್ ಎತ್ತರದಲ್ಲಿದೆ. ನಂದಿ ತಪ್ಪಲಿಗಿಂತ ಸುಮಾರು 300 ಮೀಟರ್ ಕೆಳಗಿರುವುದರಿಂದ ಎತ್ತರದ ಲೆಕ್ಕದಲ್ಲಿಯೇ ಸರಿಸುಮಾರು 2 ಡಿಗ್ರಿ ಬಿಸಿ ಹೆಚ್ಚು. ಆದರೂ ಡಿಸೆಂಬರ್-ಜನವರಿ ತಿಂಗಳ ರಾತ್ರಿಗಳು ನಮ್ಮಲ್ಲಿಯೂ ತಂಪಾಗಿರುತ್ತವೆ. ಹಣ್ಣು ಮಾರ್ಚ್ ತಿಂಗಳ ಬಿಸಿಲಿಗೆ ಸಿಗದಂತೆ ನೋಡಿಕೊಂಡರೆ ಉಷ್ಣತೆಯೊಂದೇ ದೊಡ್ಡ ಅಡ್ಡಿಯಲ್ಲ. ಆದರೆ ಹಾಗೆ ಮಾಡಲು ಸೆಪ್ಟೆಂಬರ್‌ನಲ್ಲಿಯೇ ಫಲ ಚಾಟನಿ ಮಾಡಬೇಕಾಗುತ್ತದೆ. ಆಗ ಎಳೆ ಚಿಗುರು ಹಾಗೂ ಹೂಗಳು ಹಿಂಗಾರಿ ಮಳೆಗೆ ಸಿಲುಕಿ ಬೂಜು ತುಪ್ಪಟ ರೋಗಕ್ಕೆ ತುತ್ತಾಗುತ್ತವೆ. ಮಳೆ ಮುಗಿಯಲೆಂದು ಚಾಟನಿಯನ್ನು ಅಕ್ಟೋಬರ್ ಕೊನೆಗೆ ತಳ್ಳಿದರೆ ಹಣ್ಣು ಬಿಸಿಲಿನಲ್ಲಿ ಬಲಿತು ಹುಳಿ ಕಳೆದುಕೊಳ್ಳುತ್ತದೆ. ಈ ಇಕ್ಕಟ್ಟು ಬಿಳಿ ತಳಿಗಳಲ್ಲಿ ಹೆಚ್ಚು ಗಂಭೀರ.

ಮಣ್ಣು: ನಿಜವಾದ ತೊಡಕು ಇಲ್ಲಿದೆ. ಎರೆ ಮಣ್ಣಿನ ಜಿಗುಟು ಕಣಗಳು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಉಬ್ಬಿದಾಗ ಗಾಳಿಯಾಡದೆ ಬೇರು ಕೊಳೆಯುತ್ತದೆ. ಬಿರುಕಿನಲ್ಲಿ ಎಳೆ ಬೇರುಗಳು ಹರಿಯುತ್ತವೆ. ರಸಸಾರ 8ಕ್ಕಿಂತ ಮೇಲಿದ್ದು ಸುಣ್ಣದ ಕಲ್ಲುಗಳಿರುವ ಹೊಲಗಳಲ್ಲಿ ಕಬ್ಬಿಣದ ಕೊರತೆಯಿಂದ ಎಲೆಗಳು ಹಳದಿಯಾಗುತ್ತವೆ. ಇದೇ ಎರೆ ಭೂಮಿಯ ತೇವ ಹಿಡಿಯುವ ಗುಣವು ಮಳೆ ನಿಂತ ಮೇಲೆಯೂ ಕಡಲೆ, ಬಿಳಿಜೋಳಗಳನ್ನು ಬೆಳೆಸುತ್ತದೆ ಎಂಬುದನ್ನು ಮರೆಯಬಾರದು. ಕಡಲೆಗೆ ವರವಾದದ್ದು ದ್ರಾಕ್ಷಿಗೆ ಶಾಪ. ಬೆಣ್ಣಿಹಳ್ಳದ ಪಾತ್ರದಂತಹ ತಗ್ಗು ಪ್ರದೇಶಗಳಲ್ಲಿ ನೀರು ನಿಲ್ಲುವ ಹೊಲಗಳು ಯಾವ ಕಾರಣಕ್ಕೂ ಈ ಬೆಳೆಗೆ ಯೋಗ್ಯವಲ್ಲ.

ನೀರು: ಬಳ್ಳಿಗೆ ನೀರು ಅತ್ಯಗತ್ಯವಾಗುವುದು ತಳ ಚಾಟನಿಯ ನಂತರದ ಏಪ್ರಿಲ್-ಮೇ ತಿಂಗಳುಗಳಲ್ಲಿ. ಬಳ್ಳಿಯೊಂದಕ್ಕೆ ದಿನಕ್ಕೆ 15 ಲೀಟರ್ ಎಂದು ಹಿಡಿದರೂ 1,350 ಬಳ್ಳಿಗಳಿಗೆ 60 ದಿನಗಳಲ್ಲಿ ಸುಮಾರು 12 ಲಕ್ಷ ಲೀಟರ್ ಬೇಕು. 21 ಮೀಟರ್ ಉದ್ದ, 21 ಮೀಟರ್ ಅಗಲ ಹಾಗೂ 3 ಮೀಟರ್ ಆಳದ, ಇಳಿಜಾರು ಬದಿಯ ಕೃಷಿ ಹೊಂಡವು ತುಂಬಿ ತುಳುಕಿದಾಗ ಹಿಡಿಯುವುದು ಸುಮಾರು 10 ಲಕ್ಷ ಲೀಟರ್. ಹಿಂಗಾರಿನಲ್ಲಿ ಬಳಸಿ, ಆವಿಯಾಗಿ ಉಳಿದ ನೀರಿನಿಂದ ಒಂದೆಕರೆ ದ್ರಾಕ್ಷಿಯನ್ನು ಬೇಸಿಗೆ ದಾಟಿಸುವುದು ಆಗದ ಮಾತು. ಎರೆ ಭಾಗದ ಕೊಳವೆಬಾವಿಗಳಲ್ಲಿ ನೀರು ಸವಳಾಗಿದ್ದರೆ ತೊಂದರೆ ಇಮ್ಮಡಿಯಾಗುತ್ತದೆ.

ಮಾರುಕಟ್ಟೆ: ವೈನ್ ದ್ರಾಕ್ಷಿ ಚಿಕ್ಕದು, ಬೀಜವುಳ್ಳದ್ದು, ಸಿಪ್ಪೆ ದಪ್ಪ. ವೈನರಿ ಕೊಳ್ಳದಿದ್ದರೆ ಸಂತೆಯಲ್ಲಿ ಮಾರಲಾಗದು, ಥಾಮ್ಸನ್ ಸೀಡ್‌ಲೆಸ್‌ನಂತೆ ಒಣದ್ರಾಕ್ಷಿ ಮಾಡಲೂ ಒಗ್ಗದು. ಮಹಾರಾಷ್ಟ್ರದಲ್ಲಿ 2008ರ ಆರ್ಥಿಕ ಹಿಂಜರಿತದ ನಂತರ ವೈನ್ ಬೇಡಿಕೆ ಕುಸಿದಾಗ, ವೈನರಿಗಳು ಖರೀದಿ ತಗ್ಗಿಸಿದವು. ಹಲವಾರು ರೈತರು ವೈನ್ ತಳಿಗಳನ್ನು ಕಿತ್ತು ಹಾಕಿ ತಿನ್ನುವ ದ್ರಾಕ್ಷಿಗೆ ಮರಳಬೇಕಾಯಿತು. ಅಲ್ಲಿನವರಿಗೆ ಕನಿಷ್ಠ ಮರಳಲು ಇನ್ನೊಂದು ದ್ರಾಕ್ಷಿ ಮಾರುಕಟ್ಟೆ ಇತ್ತು. ಕುಂದಗೋಳ ಭಾಗದಲ್ಲಿ ಸಮೀಪದ ವೈನರಿಯಾಗಲಿ, ದ್ರಾಕ್ಷಿಯ ಸಗಟು ಮಾರುಕಟ್ಟೆಯಾಗಲಿ ಇಲ್ಲ.

ತೋಟ ಹಾಕುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಜಿಲ್ಲೆಯ ಮಸಾರಿ ಅಥವಾ ಗರಸು ಭೂಮಿ ಮತ್ತು ಖಚಿತ ನೀರಾವರಿ ಇರುವ ರೈತರು ಆಸಕ್ತಿ ಹೊಂದಿದ್ದಲ್ಲಿ, ಈ ಕ್ರಮದಲ್ಲಿ ಮುಂದುವರಿಯಬೇಕು. ವಿಸ್ತರಣಾ ಕಾರ್ಯಕರ್ತರೂ ಇದೇ ಪಟ್ಟಿಯನ್ನು ಬಳಸಬಹುದು.

1. ಹೊಲದ ಮೂರು-ನಾಲ್ಕು ಕಡೆ ಮೂರು ಅಡಿ ಆಳದವರೆಗೆ ಪದರವಾರು ಮಣ್ಣಿನ ಮಾದರಿ ತೆಗೆದು ರಸಸಾರ, ಲವಣಾಂಶ ಮತ್ತು ಸುಣ್ಣದ ಅಂಶ ಪರೀಕ್ಷಿಸಬೇಕು. ಮೇಲ್ಮಣ್ಣಿನ ಪರೀಕ್ಷೆಯಷ್ಟೇ ಸಾಲದು.

2. ಎರಡು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ ಬಸಿಯಲು ಬಿಡಬೇಕು, ಮತ್ತೊಮ್ಮೆ ತುಂಬಬೇಕು. ಎರಡನೆಯ ಬಾರಿಯ ನೀರು ಒಂದು ದಿನ ಕಳೆದರೂ ನಿಂತಿದ್ದರೆ ಆ ಹೊಲದಲ್ಲಿ ದ್ರಾಕ್ಷಿ ಬೇಡ.

3. ನೀರಿನ ಮಾದರಿಯನ್ನು ಏಪ್ರಿಲ್-ಮೇ ತಿಂಗಳಲ್ಲಿ ತೆಗೆದು ಪರೀಕ್ಷಿಸಬೇಕು. ಮಳೆಗಾಲದ ಮಾದರಿ ತಪ್ಪು ಚಿತ್ರ ಕೊಡುತ್ತದೆ.

4. ಖರೀದಿದಾರರೊಂದಿಗೆ ಲಿಖಿತ ಒಪ್ಪಂದವಾಗದೆ ಒಂದೂ ಸಸಿ ನೆಡಬಾರದು. ಒಪ್ಪಂದದಲ್ಲಿ ತಳಿ, ಬೇರುಸಸಿ, ಬ್ರಿಕ್ಸ್ ಆಧಾರಿತ ಬೆಲೆ, ತಿರಸ್ಕಾರದ ನಿಯಮ, ಸಾಗಾಣಿಕೆಯ ಹೊಣೆ, ಹಣ ಪಾವತಿಯ ಅವಧಿ ಹಾಗೂ ಒಪ್ಪಂದದ ವರ್ಷಗಳು ಸ್ಪಷ್ಟವಾಗಿರಬೇಕು. ಸಸಿ ಮಾರುವವರ ಬಾಯಿಮಾತಿನ ಮರುಖರೀದಿ ಭರವಸೆಯನ್ನು ಒಪ್ಪಂದವೆಂದು ತಿಳಿಯಬಾರದು.

5. ಮೊದಲ ಫಸಲಿಗೆ ಎರಡರಿಂದ ಮೂರು ವರ್ಷ ಬೇಕು. ಅಲ್ಲಿಯವರೆಗಿನ ಮನೆ ಖರ್ಚು ಮತ್ತು ಸಾಲದ ಕಂತುಗಳನ್ನು ಬೇರೆ ಬೆಳೆಯಿಂದ ಭರಿಸಲು ಸಾಧ್ಯವೇ ಎಂದು ಲೆಕ್ಕ ಹಾಕಬೇಕು.

6. ಕೆಲವು ಗುಂಟೆಗಳಲ್ಲಿ ಪರೀಕ್ಷೆ ಮಾಡಿ, ಕನಿಷ್ಠ ಎರಡು ಫಸಲು ನೋಡಿದ ನಂತರವೇ ವಿಸ್ತರಿಸಬೇಕು.

ಯರಗುಪ್ಪಿಯ ರೈತರಿಗೆ ಇದರ ತಾತ್ಪರ್ಯ

ಆಳವಾದ ಎರೆ ಭೂಮಿಯ ಮಳೆಯಾಶ್ರಿತ ರೈತರಿಗೆ ಬಿಳಿ ವೈನ್ ದ್ರಾಕ್ಷಿಯನ್ನು ಶಿಫಾರಸು ಮಾಡಲಾಗುವುದಿಲ್ಲ. ಆದರೆ ನಂದಿ ತಪ್ಪಲಿನ ಅನುಭವ ನಮಗೆ ಅನ್ವಯಿಸುವುದಿಲ್ಲ ಎಂದು ಇದರ ಅರ್ಥವಲ್ಲ. ಅಲ್ಲಿ ನಕಲು ಮಾಡಬೇಕಾದದ್ದು ಬೆಳೆಯನ್ನಲ್ಲ, ವಿಧಾನವನ್ನು: ಮಣ್ಣು ಮತ್ತು ಹವೆಗೆ ತಕ್ಕ ತಳಿ, ಇಳುವರಿಗಿಂತ ಗುಣಮಟ್ಟಕ್ಕೆ ಆದ್ಯತೆ, ಅಳೆದು ತೋರಿಸಬಹುದಾದ ಗುಣಕ್ಕೆ ಬೆಲೆ, ಸಮೀಪದಲ್ಲಿ ಸಂಸ್ಕರಣೆ, ಮತ್ತು ಪ್ರದೇಶದ ಹೆಸರಿನ ರಕ್ಷಣೆ.

ಕುಂದಗೋಳ ಭಾಗಕ್ಕೆ ಇಂತಹ ಹೆಸರು ಈಗಾಗಲೇ ಇದೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯು ಇಲ್ಲಿನ ಎರೆ ಭೂಮಿಯ ಸ್ವಂತ ಬೆಳೆ. ವೈನ್ ದ್ರಾಕ್ಷಿಗೆ ಬ್ರಿಕ್ಸ್ ಹೇಗೋ, ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣದ ಅಂಶ ಹಾಗೆ. ಅದನ್ನೂ ಅಂಕಿಯಲ್ಲಿ ಅಳೆಯಬಹುದು. ಕಡ್ಡಿ ಹಾಗೂ ಡಬ್ಬಿ ತಳಿಗಳ ಶುದ್ಧ ಬೀಜವನ್ನು ಉಳಿಸಿಕೊಳ್ಳುವುದು, ಬ್ಯಾಡಗಿಯನ್ನು ಹೋಲುವ ಹೈಬ್ರಿಡ್ ಕಾಯಿಯನ್ನು ಬೆರೆಸದಿರುವುದು, ನೆಲದ ಮೇಲೆ ಒಣಗಿಸದೆ ತಾಡಪತ್ರಿ ಅಥವಾ ಸೌರ ಒಣಗಿಸುವ ಘಟಕದಲ್ಲಿ ಶೇ. 10ರಿಂದ 11 ತೇವಾಂಶಕ್ಕೆ ಒಣಗಿಸಿ ಬೂಷ್ಟಿನ ವಿಷ ತಡೆಯುವುದು, ನೀರು ಸಿಂಪಡಿಸಿ ತೂಕ ಹೆಚ್ಚಿಸುವ ರೂಢಿ ಬಿಡುವುದು, ರೈತ ಉತ್ಪಾದಕ ಸಂಸ್ಥೆಗಳ ಮೂಲಕ ದರ್ಜೆವಾರು ಮಾರುವುದು: ಇವು ಗ್ರೋವರ್ ವೈನರಿಯು ನಂದಿ ತಪ್ಪಲಿನಲ್ಲಿ ಅನುಸರಿಸಿದ ಮಾರ್ಗದ ಎರೆ ಭೂಮಿಯ ರೂಪಗಳು.

ಸಾರಾಂಶ

ನಂದಿ ತಪ್ಪಲು ಬಿಳಿ ವೈನ್‌ಗೆ ಹೆಸರಾದದ್ದು ಎತ್ತರದ ತಂಪು, ಬಸಿಯುವ ಕೆಂಪು ಮಣ್ಣು, ಹಳೆಯ ದ್ರಾಕ್ಷಿ ಪರಂಪರೆ, ಸಮೀಪದ ನಗರ ಮತ್ತು ಪರೀಕ್ಷೆಯ ಹೊರೆ ಹೊತ್ತ ಒಂದು ವೈನರಿ ಒಂದೇ ಕಡೆ ಸೇರಿದ್ದರಿಂದ. ಇವುಗಳಲ್ಲಿ ಒಂದೆರಡು ಮಾತ್ರ ಇರುವಲ್ಲಿ ತೋಟ ಹಾಕುವುದು ಅಪಾಯಕರ. ಹೆಚ್ಚಿನ ಮಾಹಿತಿಗಾಗಿ ಧಾರವಾಡದ ಸೈದಾಪುರ ಕೃಷಿ ವಿಜ್ಞಾನ ಕೇಂದ್ರ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ತಾಲೂಕಿನ ತೋಟಗಾರಿಕೆ ಇಲಾಖೆಯ ಅಧಿಕಾರಿಗಳನ್ನು ಸಂಪರ್ಕಿಸಬಹುದು. ಭೇಟಿಗೆ ಹೋಗುವಾಗ ಮಣ್ಣು ಮತ್ತು ನೀರಿನ ಪರೀಕ್ಷಾ ವರದಿಗಳನ್ನು ಜೊತೆಗೆ ಒಯ್ಯುವುದು ಸೂಕ್ತ.